ಮನೋವೈದ್ಯ ಪಿಜಿಗಳು ಸಾಂಕ್ರಾಮಿಕದಲ್ಲಿ ಕುಸಿಯದಂತೆ ವಿಭಾಗ ನಡೆಸುವ ಬಗೆ

2020ರಲ್ಲಿ ಕೋವಿಡ್ ವಾರ್ಡಿಗೆ ಜನ ಸಾಲದಾದಾಗ ಮನೋವೈದ್ಯ ವಿಭಾಗದ ಪಿಜಿಗಳನ್ನೂ (ಸ್ನಾತಕೋತ್ತರ ಓದುತ್ತಿರುವ ವೈದ್ಯರನ್ನೂ) ಅಲ್ಲಿಗೆ ಹಾಕಲಾಯಿತು. ಅವರ ಎಂಡಿ ಇರುವುದೇ ಮೂರು ವರ್ಷ. ಓಪಿಡಿ ಬರಿದಾಗಿ ಥೀಸಿಸ್‌ಗೆ ಕೇಸು ಸಿಗಲಿಲ್ಲ, ಮಾಸ್ಕ್ ಹಿಂದಿನ ಮುಖ ಓದಲಾಗಲಿಲ್ಲ. ಅದರ ಮೇಲೆ 2021ರ ಏಪ್ರಿಲ್ 18ಕ್ಕಿದ್ದ ಪ್ರವೇಶ ಪರೀಕ್ಷೆ ನೀಟ್ ಪಿಜಿ ಸೆಪ್ಟೆಂಬರ್ 11ಕ್ಕೆ ಹೋಯಿತು, ಸೀಟು ಹಂಚುವ ಕೌನ್ಸೆಲಿಂಗ್ 2022ರ ಜನವರಿಗೆ ಬಂತು. ಹೊಸ ಬ್ಯಾಚ್ ಬರುವವರೆಗೆ ಅವರ ನೈಟ್ ಡ್ಯೂಟಿಯೂ ಹಳಬರ ಪಾಲಿಗೇ ಬಿತ್ತು. ಹೀಗಾಗಿ ಒತ್ತಡದ ವೆಬಿನಾರ್‌ನಿಂದ ಶುರು ಮಾಡಬೇಡಿ, ಯಾರಿಗೆ ಯಾವ ಪಾಳಿ ಎಂಬ ರೋಸ್ಟರ್‌ನಿಂದ ಶುರು ಮಾಡಿ.

ಪಿಪಿಇ ಕಿಟ್ ಡ್ಯೂಟಿ ಆರು ತಾಸು ಮೀರಬಾರದು. ಹಾಕುವ, ತೆಗೆಯುವ ವೇಳೆ ಅದರೊಳಗೇ ಬರಲಿ. ವಿಜಯಪುರ, ಬಾಗಲಕೋಟೆಯ ಬ್ಯಾಸಿಗೆ 40 ಡಿಗ್ರಿ ದಾಟುತ್ತದೆ, ಕಿಟ್ಟಿನೊಳಗೆ ನೀರು ಕುಡಿಯಲಾಗದು. ಹಾಕುವ ಮೊದಲು, ತೆಗೆದ ಮೇಲೆ ಕುಡಿಯಲು ನೀರು, ಓಆರ್‌ಎಸ್ ಅಲ್ಲೇ ಇಡಿ. ವಾರದ ರಜೆ, ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ಸಾಂದರ್ಭಿಕ ರಜೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮಾವಳಿಯಲ್ಲೇ ಇವೆ. ಅವನ್ನು ಹೆಸರು, ತಾರೀಖು ಸಮೇತ ರೋಸ್ಟರ್‌ನಲ್ಲಿ ಬರೆಯಿರಿ. ಯೋಜನೆ ಹೆಚ್ಚಾಗಿ ಮುರಿಯುವುದು ಒಬ್ಬರಿಗೆ ಪಾಸಿಟಿವ್ ಬಂದಾಗ: ಅವರ ಪಾಳಿ ರೂಮ್‌ಮೇಟ್ ಹೆಗಲಿಗೆ ಬೀಳುತ್ತದೆ. ಪ್ರತಿ ವಾರ ಒಬ್ಬರನ್ನು ಮೀಸಲು ಇಡಿ, ಮೀಸಲಿದ್ದ ದಿನಗಳನ್ನು ರಜೆಯೆಂದು ಎಣಿಸಬೇಡಿ.

ಸಾವಿನ ಸುದ್ದಿ ಹೇಳುವ ಕೆಲಸವನ್ನು “ನೀವು ಸೈಕಿಯಾಟ್ರಿಯವ್ರು, ನಿಮಗ ಮಾತಾಡಾಕ ಬರ್ತೈತಿ” ಎಂದು ಪಿಜಿಯ ತಲೆಗೆ ಕಟ್ಟಬಾರದು. ಚಿಕಿತ್ಸೆ ಕೊಟ್ಟ ವೈದ್ಯರೇ ಹೇಳಲಿ, ಪಿಜಿ ಜೊತೆಗಿರಲಿ. ವಾರಕ್ಕೊಮ್ಮೆ 45 ನಿಮಿಷ ಸೂಪರ್‌ವಿಷನ್ ಇಡಿ, ಹಿರಿಯರೊಬ್ಬರ ಜೊತೆ ಕೂತು ಮಾತಾಡಲಿ. ಅಲ್ಲಿ ಪ್ರೆಸೆಂಟೇಷನ್ ಬೇಡ, ಅಂಕ ಬೇಡ. ನಡೆಸುವವರು ಥೀಸಿಸ್ ಗೈಡ್ ಆಗಿರಬಾರದು. ಸಹಿ ಹಾಕುವ ಕೈಯ ಮುಂದೆ ಯಾರೂ “ನನಗ ಆಗವಲ್ದು” ಅನ್ನುವುದಿಲ್ಲ.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯೂ-9 ಬಳಸುವುದಾದರೆ ಪಿಜಿಗಳು ತಾವೇ ತುಂಬಿ ತಾವೇ ಇಟ್ಟುಕೊಳ್ಳಲಿ. ವಿಭಾಗ ಹೆಸರು ಹಾಕಿಸಿ ಸಂಗ್ರಹಿಸಿದರೆ ಪ್ರಶ್ನೆಗಳು ಬಾಯಿಪಾಠವಿರುವ ಇವರು ಸೊನ್ನೆಗಳನ್ನೇ ತುಂಬಿಕೊಡುತ್ತಾರೆ. 27ಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಏನೇ ಬಂದರೂ ಅಂದೇ ಕಾಣಬೇಕು. ಅಲ್ಲಿಯವರೆಗೆ ಹಾಸ್ಟೆಲ್ ರೂಮಿನಲ್ಲಿ ಒಬ್ಬರನ್ನೇ ಬಿಡಬೇಡಿ, ಕೈಗೆಟಕುವ ಮಾತ್ರೆ ತೆಗೆಯಿರಿ.

ಆದರೆ ಕಾಣುವುದು ತಮ್ಮದೇ ವಿಭಾಗದಲ್ಲಲ್ಲ. ಸ್ವಂತ ಆಸ್ಪತ್ರೆಯ ಚೀಟಿ ಹತ್ತು ಕೈ ದಾಟುತ್ತದೆ, ಚಿಕಿತ್ಸೆ ಕೊಟ್ಟವರೇ ನಾಳೆ ಪರೀಕ್ಷಕರಾಗುತ್ತಾರೆ. ವಿಜಯಪುರದವರಿಗೆ ಬಾಗಲಕೋಟೆ, ಬೆಳಗಾವಿಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಎಂದು ಎಚ್‌ಒಡಿಗಳು (ವಿಭಾಗದ ಮುಖ್ಯಸ್ಥರು) ಸಾಂಕ್ರಾಮಿಕ ಬರುವ ಮೊದಲೇ ಮಾತಾಡಿಕೊಂಡಿರಬೇಕು. ಅಪರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಈ ದಾರಿಗಳು ಇಲ್ಲದಿದ್ದರೆ ಪಿಜಿಗಳು ನಿದ್ದೆಗೆಂದು ಕ್ಲೋನಾಜೆಪಾಮ್ ಮಾತ್ರೆ ತಾವೇ ಬರೆದುಕೊಳ್ಳತೊಡಗುತ್ತಾರೆ. ಕೆಲವೇ ವಾರದಲ್ಲಿ ಅದಿಲ್ಲದೆ ನಿದ್ದೆ ಬಾರದಾಗುತ್ತದೆ, ಒಳಗಿನ ಖಿನ್ನತೆ ಹಾಗೇ ಉಳಿಯುತ್ತದೆ.

ಕೋವಿಡ್‌ನಂಥ ಪೋಸ್ಟಿಂಗ್ ಮುಗಿಸಿ ಬಂದವರಿಗೆ ಮೊದಲ ವಾರ ನೈಟ್ ಹಾಕಬೇಡಿ. ಅವರ ಕಲಿಕೆಯ ದಾಖಲೆ ಲಾಗ್‌ಬುಕ್ ತೆರೆದು ತಪ್ಪಿದ್ದೇನೆಂದು ನೀವೂ ಅವರೂ ಇಬ್ಬರೂ ಕೂತು ನೋಡಿ: ಸೈಕೋಥೆರಪಿ, ಮಕ್ಕಳ ಓಪಿಡಿ, ವ್ಯಸನಮುಕ್ತಿ ಪೋಸ್ಟಿಂಗ್. ಉಳಿದ ತಿಂಗಳುಗಳಲ್ಲಿ ಅವಕ್ಕೆ ತಾರೀಖು ಹಾಕಿ, ಎಚ್‌ಒಡಿ ಸಹಿ ಮಾಡಿಸಿ.