ಬೀರುವಿನಲ್ಲಿ ಮಲಗಿರುವ ಪಾಮ್ ಅನ್ನು ಮತ್ತೆ ಬಳಕೆಗೆ ತರುವ ಬಗೆ

1996ರ ಮಾರ್ಚಿನಲ್ಲಿ ಬಿಡುಗಡೆಯಾದ ಪೈಲಟ್ 1000 ಎಂಬ ಅಂಗೈ ಗಣಕದಲ್ಲಿದ್ದ ಮೆಮೊರಿ 128 ಕಿಲೋಬೈಟ್. ಪರದೆಯಲ್ಲಿದ್ದದ್ದು ಅಡ್ಡಕ್ಕೆ 160, ಉದ್ದಕ್ಕೆ 160 ಚುಕ್ಕೆ. ಅದನ್ನು ನಡೆಸುತ್ತಿದ್ದದ್ದು ಟಿ.ವಿ. ರಿಮೋಟಿಗೆ ಹಾಕುವಂಥ ಎರಡು ಎಎಎ ಸೆಲ್ಲು. ಅಷ್ಟರಲ್ಲೇ ದಿನಚರಿ, ವಿಳಾಸಗಳು, ಮಾಡಬೇಕಾದ ಕೆಲಸಗಳ ಪಟ್ಟಿ, ಟಿಪ್ಪಣಿ ಈ ನಾಲ್ಕೂ ಗುಂಡಿ ಒತ್ತಿದ ಕೂಡಲೇ ಕಣ್ಣೆದುರು ಬರುತ್ತಿದ್ದವು. ಮುಂದಿನ ಹತ್ತು ವರ್ಷ ಇದೇ ವಂಶದ ಯಂತ್ರಗಳು ಪಾಮ್ ಎಂಬ ಹೆಸರಿನಲ್ಲಿ ಬಂದವು. ಬೆಂಗಳೂರಿನ ಎಷ್ಟೋ ಮನೆಗಳಿಗೆ ಅವು ಅಮೆರಿಕಕ್ಕೆ ಹೋಗಿಬಂದ ಎಂಜಿನಿಯರುಗಳ ಬ್ಯಾಗಿನಲ್ಲಿ ಬಂದಿಳಿದವು. ಹಾಗೆ ಬಂದು ಈಗ ಬೀರುವಿನ ಮೂಲೆ ಸೇರಿರುವ ಪಾಮ್ ನಿಮ್ಮಲ್ಲಿದ್ದರೆ ಅದನ್ನು ಎಸೆಯಬೇಡಿ. ದಿನದ ಖರ್ಚನ್ನೂ ಟಿಪ್ಪಣಿಗಳನ್ನೂ ನಾನು ಇಂದಿಗೂ 2000ನೇ ಇಸವಿಯ ಪಾಮ್ ಥ್ರೀಎಕ್ಸ್‌ಇ ಯಂತ್ರದಲ್ಲೇ ಬರೆದಿಡುತ್ತೇನೆ, ಮತ್ತು ಅದನ್ನು ಸುಸ್ಥಿತಿಯಲ್ಲಿಡಲು ಬೇಕಾದ ಕೆಲಸ ಹೆಚ್ಚೇನಲ್ಲ.

ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಬಗೆಯ ಯಂತ್ರವೆಂದು ತಿಳಿಯಿರಿ, ಏಕೆಂದರೆ ಮುಂದಿನ ಎಲ್ಲ ಕೆಲಸವೂ ಅದನ್ನು ಅವಲಂಬಿಸಿದೆ. ಮೊದಲ ಪೈಲಟ್‌ಗಳು, ಥ್ರೀಸಿ ಒಂದನ್ನು ಬಿಟ್ಟು ಪಾಮ್ ಥ್ರೀ ಸರಣಿ, ಎಂ100 ಮತ್ತು ಎಂ105 ಇವೆಲ್ಲ ಎಎಎ ಸೆಲ್ಲಿನವು. 1999ರ ಪಾಮ್ ಫೈವ್, 2001ರ ಎಂ500, 2003ರ ಟಂಗ್‌ಸ್ಟನ್ ಇ ಮೊದಲಾದವುಗಳಲ್ಲಿ ಒಳಗೇ ಕೂರಿಸಿದ ಲಿಥಿಯಂ ಬ್ಯಾಟರಿ ಇದೆ. ಈ ಎರಡೂ ಗುಂಪಿನವು ನಿಮ್ಮ ಬರಹವನ್ನೆಲ್ಲ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವುದರಿಂದ ವಿದ್ಯುತ್ ಪೂರ್ತಿ ಹೋದರೆ ಬರಹವೂ ಹೋಗುತ್ತದೆ. 2004ರ ಟಂಗ್‌ಸ್ಟನ್ ಟಿ5, ಅದರ ನಂತರದ ಟಂಗ್‌ಸ್ಟನ್ ಇ2, ಟಿಎಕ್ಸ್ ಇವು ಮೂರನೆಯ ಗುಂಪು. ಇವು ಬರಹವನ್ನು ಫ್ಲ್ಯಾಶ್ ಮೆಮೊರಿಯಲ್ಲಿ ಇಡುವುದರಿಂದ ಬ್ಯಾಟರಿ ಸತ್ತರೂ ಒಳಗಿನದು ಉಳಿಯುತ್ತದೆ. ಕೊಳ್ಳುವವರಿದ್ದರೆ ನನ್ನ ಸಲಹೆ ಮೊದಲ ಗುಂಪಿನ ಕಡೆಗೆ. ಬಣ್ಣದ ಪರದೆ, ವೈಫೈ ಇರುವ ಹೊಸ ಪಾಮ್‌ಗಳು ನೋಡಲು ಚೆಂದ, ಆದರೆ ಇಪ್ಪತ್ತು ವರ್ಷ ದಾಟಿದ ಲಿಥಿಯಂ ಬ್ಯಾಟರಿ ಅವುಗಳ ಕುತ್ತಿಗೆಗೆ ಕಟ್ಟಿದ ಕಲ್ಲು. ಎಎಎ ಸೆಲ್ಲು ಊರಿನ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ಯಂತ್ರ ಇನ್ನೂ ಹೊತ್ತಿಕೊಳ್ಳುತ್ತಿದೆ, ಒಳಗೆ ಯಾರದೋ ಬರಹವಿದೆ ಎಂದಾದರೆ ಬೇರೆ ಯಾವ ಕೆಲಸಕ್ಕೂ ಮೊದಲು ಅದನ್ನು ಹೊರಕ್ಕೆ ತೆಗೆದು ಪ್ರತಿ ಮಾಡಿಕೊಳ್ಳಬೇಕು. ಸೆಲ್ಲು ತೆಗೆದ ಮೇಲೆ ಒಳಗಿನ ಕೆಪಾಸಿಟರ್ ರ‍್ಯಾಮ್ ಅನ್ನು ಜೀವಂತವಾಗಿ ಇಡುವುದು ಸುಮಾರು ಒಂದು ನಿಮಿಷ ಮಾತ್ರ, ಅದೂ ಯಂತ್ರ ಹೊಸದಾಗಿದ್ದಾಗಿನ ಲೆಕ್ಕ. ನನ್ನ ಚಿಕ್ಕಪ್ಪನ ಪಾಮ್‌ನಲ್ಲಿ ಅವರ ಆರು ವರ್ಷದ ತೋಟದ ಲೆಕ್ಕವಿತ್ತು: ಯಾವ ತಿಂಗಳು ಎಷ್ಟು ಅಡಿಕೆ ಸುಲಿಸಿದ್ದು, ಕೊನೆ ತೆಗೆದವರಿಗೆ ಎಷ್ಟು ಕೊಟ್ಟಿದ್ದು ಎಲ್ಲ ಟಿಪ್ಪಣಿಯಾಗಿ ಕೂತಿತ್ತು. ಹೊಸ ಸೆಲ್ಲು ಪಕ್ಕದಲ್ಲಿ ಇಟ್ಟುಕೊಳ್ಳದೆ ಹಳೆಯದನ್ನು ತೆಗೆದ ನಾನು ಮುಚ್ಚಳದ ಒಳಗಿನ ಕಿಲುಬು ನೋಡುತ್ತ ಎರಡು ನಿಮಿಷ ಕಳೆದೆ. ಮತ್ತೆ ಹೊತ್ತಿಸಿದಾಗ ಅದು ಅಂಗಡಿಯಿಂದ ಬಂದ ದಿನದಂತೆ ಸ್ವಾಗತದ ಪರದೆ ತೋರಿಸಿತು. ಆ ಲೆಕ್ಕವನ್ನು ಮರಳಿ ತರುವ ದಾರಿ ಇರಲಿಲ್ಲ. ಆದ್ದರಿಂದ ಪ್ರತಿ ಮಾಡಿಕೊಂಡ ನಂತರವೂ ಸೆಲ್ಲು ಬದಲಿಸುವಾಗ ಹೊಸ ಸೆಲ್ಲಿನ ಪೊಟ್ಟಣವನ್ನು ಮೊದಲೇ ಬಿಚ್ಚಿ, ಧನ ಋಣ ಯಾವ ಕಡೆಗೆಂದು ನೋಡಿಟ್ಟುಕೊಂಡು, ಯಂತ್ರವನ್ನು ಆರಿಸಿ, ಆಮೇಲೆ ಹಳೆಯದಕ್ಕೆ ಕೈ ಹಾಕಿ.

ಪ್ರತಿ ಮಾಡಿಕೊಳ್ಳುವ ಕ್ರಮಕ್ಕೆ ಪಾಮ್ ಲೋಕದಲ್ಲಿ ಹಾಟ್‌ಸಿಂಕ್ ಎಂದು ಹೆಸರು. ಪಾಮ್ ಅನ್ನು ಕೂರಿಸಿ ಗಣಕಕ್ಕೆ ಜೋಡಿಸುವ ಹಳೆಯ ತೊಟ್ಟಿಲುಗಳ (ಕ್ರೇಡಲ್) ವೈರಿನ ತುದಿಯಲ್ಲಿ ಒಂಬತ್ತು ಕಡ್ಡಿಯ ಸೀರಿಯಲ್ ಪ್ಲಗ್ ಇರುತ್ತದೆ. ಇಂದಿನ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಾಗವಿಲ್ಲವಾದ್ದರಿಂದ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಅಡಾಪ್ಟರ್ ಬೇಕು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅದನ್ನು ಕೇಳಿ ತರಬಹುದು. ಎಫ್‌ಟಿಡಿಐ ಎಂಬ ಕಂಪನಿಯ ಚಿಪ್ ಇರುವುದನ್ನೇ ಆರಿಸಿ. ನನ್ನ ಅನುಭವದಲ್ಲಿ ಅಗ್ಗದ ಅಡಾಪ್ಟರುಗಳು ಸಿಂಕ್ ನಡುವೆಯೇ ಕೈಕೊಟ್ಟಿವೆ. ಸಂಪರ್ಕ ಮಧ್ಯದಲ್ಲಿ ಕಡಿದುಹೋದರೆ ವೇಗವನ್ನು ಇಳಿಸಿ ನೋಡಿ. ಟಂಗ್‌ಸ್ಟನ್ ಇ ಯಂತ್ರಕ್ಕೆ ಸಾಮಾನ್ಯ ಮಿನಿ ಯುಎಸ್‌ಬಿ ವೈರು ಸಾಕು. ವಿಂಡೋಸ್ ಬಳಸುವವರಿಗೆ ತೊಡಕಿರುವುದು ಬೇರೆಡೆ: ಯುಎಸ್‌ಬಿ ಪಾಮ್‌ಗಳಿಗೆ ಅಂದು ಕೊಟ್ಟ ಡ್ರೈವರ್ 32 ಬಿಟ್‌ನದು, ಇಂದಿನ 64 ಬಿಟ್ ವಿಂಡೋಸ್ ಅದನ್ನು ಒಪ್ಪುವುದಿಲ್ಲ. ಒಂದು ಗಣಕದೊಳಗೆ ಇನ್ನೊಂದನ್ನು ನಡೆಸುವ ವರ್ಚುವಲ್‌ಬಾಕ್ಸ್ ತಂತ್ರಾಂಶದ ಒಳಗೆ ವಿಂಡೋಸ್ ಎಕ್ಸ್‌ಪಿ ಕೂರಿಸಿ, ಅದರಲ್ಲಿ ಪಾಮ್ ಡೆಸ್ಕ್‌ಟಾಪ್ 4.1.4 ಹಾಕಿಕೊಂಡು, ಪಾಮ್ ಸೇರಿದ ಯುಎಸ್‌ಬಿಯನ್ನು ಆ ಎಕ್ಸ್‌ಪಿಗೆ ಬಿಟ್ಟುಕೊಟ್ಟರೆ ಕೆಲಸ ಆಗುತ್ತದೆ. ಲಿನಕ್ಸ್ ಬಳಸುವವರ ದಾರಿ ಇನ್ನೂ ಸಲೀಸು. ಪೈಲಟ್‌ಲಿಂಕ್ ಎಂಬ ಆದೇಶಗಳ ಕಟ್ಟು ಯಂತ್ರದೊಳಗಿನ ಎಲ್ಲವನ್ನೂ ಒಂದು ಫೋಲ್ಡರಿಗೆ ಇಳಿಸುತ್ತದೆ, ಜೆಪೈಲಟ್ ಎಂಬ ತಂತ್ರಾಂಶ ಯಂತ್ರದ ಬರಹವನ್ನು ಗಣಕದಲ್ಲಿ ತೆರೆದು ಓದಲು ತಿದ್ದಲು ಕೊಡುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಮಾಮೂಲಿ ಹಾಟ್‌ಸಿಂಕ್, ಹೊರಗಿನಿಂದ ಹಾಕಿದ ತಂತ್ರಾಂಶಗಳ ಕಡತಗಳಲ್ಲಿ ‘ಬ್ಯಾಕಪ್ ಮಾಡು’ ಎಂಬ ಗುರುತು ಇರುವುದನ್ನಷ್ಟೇ ತೆಗೆದುಕೊಳ್ಳುತ್ತದೆ. ಗುರುತಿಲ್ಲದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎಲ್ಲವೂ ಬಂದಿತೆಂದು ನಂಬಿ ಯಂತ್ರವನ್ನು ಅಳಿಸಿದವರು ಆಮೇಲೆ ಪರದಾಡಿದ್ದುಂಟು. ಪೈಲಟ್‌ಲಿಂಕ್‌ನ ಪೂರ್ಣ ಪ್ರತಿಗೆ ಈ ತೊಂದರೆ ಇಲ್ಲ. ಇಳಿಸಿದ ಫೋಲ್ಡರನ್ನು ತೆರೆದು, ಪಾಮ್‌ನ ಪರದೆಯಲ್ಲಿ ಕಾಣುವ ಹೆಸರುಗಳೊಂದಿಗೆ ಒಮ್ಮೆ ತಾಳೆ ನೋಡಿದ ಮೇಲೆಯೇ ಮುಂದುವರಿಯಿರಿ.

ಇನ್ನು ಯಂತ್ರದ ಮೈ. ಸೆಲ್ಲು ಒಳಗೇ ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಹೆದರಬೇಕಾಗಿಲ್ಲ. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಕ್ಷಾರ, ಹಾಗಾಗಿ ಅದನ್ನು ಕರಗಿಸಲು ಹುಳಿ ಬೇಕು. ಹತ್ತಿ ಸುತ್ತಿದ ಕಡ್ಡಿಯನ್ನು ನಿಂಬೆರಸದಲ್ಲೋ ವಿನಿಗರ್‌ನಲ್ಲೋ ಅದ್ದಿ, ಹನಿ ಇಳಿಯದಂತೆ ಹಿಂಡಿ, ಯಂತ್ರವನ್ನು ಓರೆಯಾಗಿ ಹಿಡಿದು ಒರೆಸಿ. ಪುಡಿ ಸಣ್ಣಗೆ ನೊರೆಯೆದ್ದು ಬಿಡುತ್ತದೆ. ಬಳಿಕ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಹುಳಿಯ ಅಂಶ ಉಳಿಯದಂತೆ ಒರೆಸಿ, ಒಂದು ಹಗಲು ಗಾಳಿಗೆ ಇಡಿ. ಲೋಹ ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಹೊಳಪು ಬರುತ್ತದೆ. ಅಗ್ಗದ ಜಿಂಕ್ ಕಾರ್ಬನ್ ಸೆಲ್ಲನ್ನು ಇಂಥ ಯಂತ್ರಕ್ಕೆ ಹಾಕಲೇಬೇಡಿ. ರೀಚಾರ್ಜ್ ಸೆಲ್ಲು ನಡೆಯುತ್ತದೆ, ಆದರೆ ಅದರ ವೋಲ್ಟೇಜ್ 1.2 ಆಗಿರುವುದರಿಂದ ಬ್ಯಾಟರಿಯ ಗುರುತು ಮೊದಲಿನಿಂದಲೇ ಕಡಿಮೆ ತೋರಿಸುತ್ತದೆ, ಕೊನೆಯಲ್ಲಿ ಎಚ್ಚರಿಕೆಗೂ ನಿಲುಗಡೆಗೂ ಅಂತರ ಕಿರಿದಾಗಿರುತ್ತದೆ. ವಾರಕ್ಕೊಮ್ಮೆ ತಪ್ಪದೆ ಸಿಂಕ್ ಮಾಡುವವರು ಮಾತ್ರ ಅದನ್ನು ಬಳಸಲಿ.

ಪರದೆಯನ್ನು ಮುಟ್ಟುವ ಕಡ್ಡಿಯಲ್ಲಿ (ಸ್ಟೈಲಸ್) ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಒತ್ತಿದಂತಾಗುವುದು, ಅಥವಾ ಮುಟ್ಟದಿದ್ದರೂ ಪರದೆ ತಾನೇ ಏನೋ ಒತ್ತಿಕೊಳ್ಳುವುದು ಹಳೆಯ ಪಾಮ್‌ಗಳ ಸಾಮಾನ್ಯ ಕಾಯಿಲೆ. ಪರದೆ ಕೆಟ್ಟಿದೆ ಎಂದು ಬಹಳ ಜನ ಯಂತ್ರವನ್ನೇ ಕೈಬಿಡುತ್ತಾರೆ. ಈ ಪರದೆ ಒತ್ತಡದಿಂದ ಕೆಲಸ ಮಾಡುವಂಥದ್ದು; ಎರಡು ಪದರಗಳು ಒಂದಕ್ಕೊಂದು ತಾಗಿದ ಜಾಗವನ್ನೇ ಅದು ಸ್ಪರ್ಶವೆಂದು ಎಣಿಸುತ್ತದೆ. ವರ್ಷಗಟ್ಟಲೆ ಜೇಬಿನಲ್ಲಿದ್ದ ಯಂತ್ರದ ಚೌಕಟ್ಟಿಗೂ ಪರದೆಗೂ ನಡುವಿನ ಸಂದಿಯಲ್ಲಿ ಧೂಳು, ನೂಲಿನ ಎಳೆ ಸೇರಿ ಅಂಚನ್ನು ಸದಾ ಒತ್ತಿಹಿಡಿದಿರುತ್ತವೆ. ಒಂದು ವಿಸಿಟಿಂಗ್ ಕಾರ್ಡಿನ ಮೂಲೆಯನ್ನು ಆ ಸಂದಿಗೆ ಮೆಲ್ಲಗೆ ತೂರಿಸಿ, ನಾಲ್ಕೂ ಬದಿಯಲ್ಲಿ ಒಂದೇ ದಿಕ್ಕಿಗೆ ಎಳೆಯುತ್ತ ಬನ್ನಿ. ಪ್ರತಿ ಬಾರಿಯೂ ಕಾರ್ಡಿನ ಅಂಚಿಗೆ ಬೂದುಬಣ್ಣದ ಕಸ ಅಂಟಿಕೊಂಡು ಬರುವುದನ್ನು ಕಾಣುವಿರಿ. ಕಸ ಬರುವುದು ನಿಂತ ಮೇಲೆ ಪ್ರೆಫರೆನ್ಸಸ್ ಒಳಗಿನ ಡಿಜಿಟೈಸರ್ ಆರಿಸಿ, ತೋರಿಸುವ ಗುರಿಗಳ ಮಧ್ಯಕ್ಕೆ ಸರಿಯಾಗಿ ಮುಟ್ಟಿ ಪರದೆಗೆ ಮತ್ತೆ ಲೆಕ್ಕ ಕಲಿಸಿ. ನನ್ನ ಕೈಗೆ ಬಂದ ‘ಪರದೆ ಹೋದ’ ಯಂತ್ರಗಳಲ್ಲಿ ಹೆಚ್ಚಿನವು ಇಷ್ಟರಿಂದಲೇ ಸರಿಹೋದವು.

ಯಂತ್ರ ನಿಂತಲ್ಲೇ ನಿಂತುಬಿಟ್ಟರೆ ಬೆನ್ನಿನ ಸಣ್ಣ ರಂಧ್ರಕ್ಕೆ ಬಿಚ್ಚಿದ ಪೇಪರ್ ಕ್ಲಿಪ್ ತೂರಿ ಒತ್ತಬೇಕು. ಇದು ಸಾಫ್ಟ್ ರಿಸೆಟ್, ಬರಹ ಅಳಿಯುವುದಿಲ್ಲ. ಪಾಮ್ ಥ್ರೀ ಬಳಸುವವರು ಕಡ್ಡಿಯನ್ನೇ ತಿರುಚಿ ಬಿಚ್ಚಿ ನೋಡಲಿ, ಒಳಗೆ ಈ ಕೆಲಸಕ್ಕೆಂದೇ ಸೂಜಿ ಇಟ್ಟಿದ್ದಾರೆ. ಹೊಸ ತಂತ್ರಾಂಶ ಹಾಕಿದ ಮೇಲೆ ಮತ್ತೆ ಮತ್ತೆ ರಿಸೆಟ್ ಆಗುತ್ತಿದ್ದರೆ ಮೇಲ್ಮುಖದ ಗುಂಡಿ ಒತ್ತಿಹಿಡಿದು ರಿಸೆಟ್ ಮಾಡಿ, ಆ ತಂತ್ರಾಂಶವನ್ನು ಅಳಿಸಿ. ಪವರ್ ಗುಂಡಿ ಒತ್ತಿಹಿಡಿದು ಮಾಡುವುದು ಹಾರ್ಡ್ ರಿಸೆಟ್. ಅದು ಎಲ್ಲವನ್ನೂ ಅಳಿಸುತ್ತದೆ.

ತಂತ್ರಾಂಶಗಳ ವಿಷಯದಲ್ಲಿ ಪಾಮ್ ಬಳಸುವವರು ಅದೃಷ್ಟವಂತರು. ಪಾಮ್‌ಡಿಬಿ ಎಂಬ ಸಂಗ್ರಹ ಮತ್ತು ಇಂಟರ್ನೆಟ್ ಆರ್ಕೈವ್ ಸೇರಿ ಆ ಕಾಲದ ತಂತ್ರಾಂಶಗಳ ದೊಡ್ಡ ಭಾಗವನ್ನು ಉಳಿಸಿಕೊಂಡಿವೆ. ಪಿಆರ್‌ಸಿ ಎಂಬ ಬಾಲವಿರುವ ಕಡತ ತಂತ್ರಾಂಶ, ಪಿಡಿಬಿ ಎಂದಿದ್ದರೆ ಮಾಹಿತಿ. ಹಳೆಯ ಮೊಟೊರೊಲಾ ಡ್ರ್ಯಾಗನ್‌ಬಾಲ್ ಪ್ರೊಸೆಸರಿಗಾಗಿ ಬರೆದ ತಂತ್ರಾಂಶಗಳನ್ನು 2002ರಿಂದ ಬಂದ ಪಾಮ್ ಓಎಸ್ 5 ಯಂತ್ರಗಳೂ ಬಹುಮಟ್ಟಿಗೆ ನಡೆಸುತ್ತವೆ. ಆದರೆ ಓಎಸ್ 5ಕ್ಕೆಂದೇ ಬರೆದದ್ದು ಹಳೆಯದರಲ್ಲಿ ನಡೆಯದು. ಹಾಕುವ ಮುನ್ನ ತಿಳಿದಿರಬೇಕಾದ ಮುಖ್ಯ ಮಾತು ಹಾಟ್‌ಸಿಂಕ್ ಹೆಸರಿನದು. ಆಗಿನ ಬಹಳಷ್ಟು ತಂತ್ರಾಂಶಗಳ ನೋಂದಣಿ ಸಂಖ್ಯೆಯನ್ನು ಮಾಲೀಕರ ಹಾಟ್‌ಸಿಂಕ್ ಹೆಸರಿನಿಂದಲೇ ಲೆಕ್ಕಹಾಕಿ ಕೊಡುತ್ತಿದ್ದರು. ಹೆಸರಿನಲ್ಲಿ ಒಂದು ಅಕ್ಷರ, ಒಂದು ಖಾಲಿ ಜಾಗ ಬದಲಾದರೂ ಹಣ ಕೊಟ್ಟು ಪಡೆದ ಸಂಖ್ಯೆ ಕೆಲಸಕ್ಕೆ ಬಾರದು, ಮತ್ತು ಹೊಸ ಸಂಖ್ಯೆ ಕೊಡುವ ಕಂಪನಿ ಬಹುಶಃ ಈಗ ಇರುವುದಿಲ್ಲ. ಹಾಟ್‌ಸಿಂಕ್ ತೆರೆದಾಗ ಪರದೆಯ ಮೇಲೆ ಕಾಣುವ ಹೆಸರನ್ನು, ದೊಡ್ಡಕ್ಷರ ಸಣ್ಣಕ್ಷರ ಸಹಿತ, ಕಾಗದದಲ್ಲಿ ಬರೆದು ಯಂತ್ರದ ಚೀಲದೊಳಗೇ ಇಡಿ.

ಮೆಮೊರಿ ಕಾರ್ಡಿನ ಜಾಗವಿರುವ ಎಂ500, ಟಂಗ್‌ಸ್ಟನ್‌ಗಳಿಗೆ ಇಂದಿನ 32 ಗಿಗಾಬೈಟ್ ಕಾರ್ಡು ಹಾಕಿದರೆ ಅವು ಗುರುತಿಸುವುದಿಲ್ಲ. 1 ಗಿಗಾಬೈಟ್ ಅಥವಾ ಅದಕ್ಕಿಂತ ಸಣ್ಣ ಹಳೆಯ ಎಸ್‌ಡಿ ಕಾರ್ಡನ್ನು ಹುಡುಕಿ, ಫ್ಯಾಟ್16 ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿ ಹಾಕಿ. ಹಳೆಯ ಡಿಜಿಟಲ್ ಕ್ಯಾಮೆರಾದ ಚೀಲದಲ್ಲಿ ಅಂಥದ್ದೊಂದು ಇರುವ ಸಾಧ್ಯತೆ ಹೆಚ್ಚು.

ಕನ್ನಡದ ಮಾತು ಬಂದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ನಮಗೆ ಸಿಗುತ್ತಿದ್ದ ಪಾಮ್‌ಗಳು ಪಶ್ಚಿಮ ಯುರೋಪಿನ ಅಕ್ಷರಗಳನ್ನಷ್ಟೇ ಬಲ್ಲವು. ಯೂನಿಕೋಡ್ ಕನ್ನಡದ ಕಡತ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಅದೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಸೇರಿ ರೂಪಿಸಿದ ಸಿಂಪ್ಯೂಟರ್ ಭಾರತದ ಭಾಷೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹುಟ್ಟಿದ ಅಂಗೈ ಗಣಕವಾಗಿತ್ತು. ಅದು ಮನೆಮನೆಗೆ ಬರಲಿಲ್ಲವೆಂಬ ನೋವು ನನಗೆ ಇಂದಿಗೂ ಇದೆ. ಪಾಮ್‌ನಲ್ಲಿ ಕನ್ನಡ ಓದಲೇಬೇಕೆಂದರೆ ಪುಟವನ್ನು ಸಣ್ಣ ಚಿತ್ರಗಳಾಗಿ ಕತ್ತರಿಸಿ ಚಿತ್ರ ತೋರಿಸುವ ತಂತ್ರಾಂಶದಲ್ಲಿ ನೋಡಬಹುದು. ಟಂಗ್‌ಸ್ಟನ್ ಟಿಯಂಥ 320 ಚುಕ್ಕೆಯ ಪರದೆಯಲ್ಲಿ ಒತ್ತಕ್ಷರವೂ ಸ್ಪಷ್ಟವಾಗಿ ಕಾಣುತ್ತದೆ. ಬರೆಯಲು ಮಾತ್ರ ಇಂಗ್ಲಿಷ್ ಲಿಪಿಯೇ ಗತಿ. ಅದಕ್ಕೆ ಗ್ರಾಫಿಟಿ ಎಂಬ ಬರವಣಿಗೆಯ ಕ್ರಮ ಕಲಿಯಬೇಕು: ಹಳೆಯ ಪಾಮ್‌ಗಳಲ್ಲಿ ಒಂದಕ್ಷರಕ್ಕೆ ಒಂದೇ ಎಳೆತ, ಇಂಗ್ಲಿಷಿನ ಮೊದಲ ಅಕ್ಷರಕ್ಕೆ ನಡುವಿನ ಗೆರೆಯಿಲ್ಲದ, ಬೋರಲು ಹಾಕಿದ ‘ವಿ’ ಆಕಾರ. ಎರಡು ದಿನದಲ್ಲಿ ಕೈಗೆ ಹತ್ತುತ್ತದೆ.

ಯಂತ್ರವೇ ಇಲ್ಲದವರು, ಅಥವಾ ಇರುವ ಒಂದೇ ಯಂತ್ರವನ್ನು ಸವೆಸಲು ಇಷ್ಟವಿಲ್ಲದವರು ಕ್ಲೌಡ್‌ಪೈಲಟ್ ಎಂಬ ಅನುಕರಣೆಯನ್ನು ಬ್ರೌಸರಿನಲ್ಲೇ ನಡೆಸಬಹುದು. ಅದಕ್ಕೆ ಪಾಮ್‌ನ ರೋಮ್ (ಯಂತ್ರದ ಮೂಲ ತಂತ್ರಾಂಶ ಇರುವ ಮೆಮೊರಿ) ಪ್ರತಿ ಬೇಕು. ನಿಮ್ಮದೇ ಯಂತ್ರದಿಂದ ಅದನ್ನು ಇಳಿಸುವ ಸಾಧನ ಪೈಲಟ್‌ಲಿಂಕ್‌ನಲ್ಲಿದೆ, ಹಕ್ಕಿನ ದೃಷ್ಟಿಯಿಂದಲೂ ಅದೇ ನೇರ ದಾರಿ. ಹೊಸ ತಂತ್ರಾಂಶವನ್ನು ಮೊದಲು ಇಲ್ಲಿ ನಡೆಸಿ ನೋಡಿ, ಆಮೇಲೆ ಯಂತ್ರಕ್ಕೆ ಹಾಕುವುದು ನನ್ನ ಅಭ್ಯಾಸ.

ಲಿಥಿಯಂ ಬ್ಯಾಟರಿಯ ಯಂತ್ರವಿದ್ದವರು ಬೆನ್ನು ಉಬ್ಬಿದೆಯೇ ಎಂದು ಮೇಜಿನ ಮೇಲೆ ಇಟ್ಟು ನೋಡಲಿ. ಅಲುಗಾಡಿದರೆ ಚಾರ್ಜ್ ಮಾಡಬೇಡಿ. ಪಾಮ್ ಫೈವ್ ಅನ್ನು ಅಂಟಿನಿಂದ ಮುಚ್ಚಿರುವುದರಿಂದ ಕೂದಲು ಒಣಗಿಸುವ ಡ್ರೈಯರಿನಿಂದ ಅಂಚನ್ನು ಬಿಸಿ ಮಾಡಿ ಬಿಡಿಸಬೇಕಾಗುತ್ತದೆ. ಉಬ್ಬಿದ ಬ್ಯಾಟರಿ ಒಳಗಿರುವಾಗ ಇದಕ್ಕೆ ಕೈ ಹಾಕದೆ ಮೊಬೈಲ್ ರಿಪೇರಿ ಮಾಡುವ ಅನುಭವಿಗಳಿಗೆ ಕೊಡಿ, ಅದೇ ಅಳತೆಯ, ರಕ್ಷಣಾ ಸರ್ಕಿಟ್ ಇರುವ ಬ್ಯಾಟರಿಯನ್ನೇ ಹಾಕಿಸಿ. ಎಎಎ ಯಂತ್ರವನ್ನು ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಪ್ರತಿ ಮಾಡಿಕೊಂಡು ಸೆಲ್ಲು ಹೊರಗೆ ತೆಗೆದಿಡಿ; ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಲಿ.

ದಿನಚರಿಗೆ ಒಂದು ಗಡುವಿದೆ. ಪಾಮ್ ತನ್ನ ದಿನಾಂಕದಲ್ಲಿ ವರ್ಷವನ್ನು 1904ರಿಂದ ಎಣಿಸಿ ಏಳು ಬಿಟ್‌ಗಳಲ್ಲಿ ಬರೆದಿಡುತ್ತದೆ. ಏಳು ಬಿಟ್‌ಗೆ ಹಿಡಿಸುವ ದೊಡ್ಡ ಸಂಖ್ಯೆ 127, ಆದ್ದರಿಂದ ಅದರ ಪಂಚಾಂಗ 2031ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಮುಖ್ಯವಾದದ್ದನ್ನು ಪಾಮ್ ಡೆಸ್ಕ್‌ಟಾಪ್ ಅಥವಾ ಜೆಪೈಲಟ್‌ನಿಂದ ಸಾಮಾನ್ಯ ಪಠ್ಯ ಕಡತವಾಗಿ ಹೊರಗಿಳಿಸಿಕೊಂಡಿರಿ. ಯಂತ್ರವನ್ನು ಅದರ ಆಚೆಗೂ ಬಳಸುವ ಇಚ್ಛೆಯಿದ್ದರೆ 2032ರ ಜನವರಿ 1ರಂದು ಅದರ ವರ್ಷವನ್ನು 2004 ಎಂದು ತಿರುಗಿಸಿ. ಎರಡೂ ಅಧಿಕ ವರ್ಷಗಳು, ಎರಡೂ ಗುರುವಾರದಂದು ಶುರುವಾಗುತ್ತವೆ. ಅಲ್ಲಿಂದ ಮುಂದೆ ವಾರವೂ ತಾರೀಕೂ ಇಪ್ಪತ್ತೆಂಟು ವರ್ಷ ಸರಿಯಾಗಿಯೇ ಹೊಂದಿಕೊಂಡು ಹೋಗುತ್ತವೆ.