ಹುಳಿ ಕೊನೆಗೆ, ಸಾಸೇಜ್ ಒಲೆ ಆರಿದ ಮೇಲೆ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಪಕ್ಕದ ಮನೆ ಅಜ್ಜಿ ಒಂದು ಡಬ್ಬಿ ತಂದುಕೊಟ್ಟರು. ಮುಚ್ಚಳ ತೆಗೆದರೆ ಗಟ್ಟಿ ಮಸೂರ್ ಕಾಳು, ಮೇಲೆ ಎರಡು ಸಾಸೇಜ್. ಬಾಯಿಗಿಟ್ಟೆ, ಹುಳಿಹುಳಿ. ಖಾರವೊಂದು ಇದ್ದಿದ್ದರೆ ನಮ್ಮ ಮಂಡ್ಯದ ಕಾಳು ಸಾರೇ! ಈ ಶ್ವಾಬಿಯಾ ಸೀಮೆಯಲ್ಲಿ ಇದು ಮನೆಮನೆಯ ಊಟವಂತೆ: ಮಸೂರ್ ಕಾಳು, ಶ್ಪೆಟ್ಸ್ಲೆ ಅನ್ನೋ ಮೊಟ್ಟೆ ಹಾಕಿದ ಶಾವಿಗೆಯಂಥದ್ದು, ಸೈಟನ್‌ವುರ್ಸ್ಟ್ಲೆ ಅನ್ನೋ ಸಣ್ಣ ಸಾಸೇಜ್.

ಇಷ್ಟೇ ತಾನೆ ಅಂತ ಮರುವಾರ ನಾನೇ ಮಾಡಲು ಹೋಗಿ ಎರಡು ಕಡೆ ಕೆಟ್ಟೆ. ಕಾಳಿನ ಜೊತೆಗೇ ವಿನೆಗರ್ ಸುರಿದೆ. ಒಂದೂವರೆ ಗಂಟೆ ಕುದ್ದರೂ ಕಾಳು ಹಲ್ಲಿಗೆ ಕಟಕಟ. ಬೇಳೆ ಬೇಯೋ ಮುಂಚೆ ಹುಣಸೆಹಣ್ಣು ಹಾಕಿದರೆ ಅಮ್ಮ ಬೈಯುತ್ತಿದ್ದದ್ದು ಆಗ ನೆನಪಾಯಿತು. ಹುಳಿ ಬಿದ್ದರೆ ಕಾಳು ಮೆತ್ತಗಾಗೋಲ್ಲ, ಹುಣಸೆಯಾದರೇನು ವಿನೆಗರ್ ಆದರೇನು. ಇನ್ನೊಂದು, ಸಾಸೇಜನ್ನು ಕೊತಕೊತ ಕುದಿಯೋ ನೀರಿಗೆ ಹಾಕಿದ್ದು. ಸಿಪ್ಪೆ ಉದ್ದಕ್ಕೆ ಸೀಳಿ, ಒಳಗಿನ ಮಾಂಸ ಬಿರಿದ ಬಾಳೆಹಣ್ಣಿನ ಹಾಗೆ ಹೊರಗೆ ಬಂತು. ರುಚಿಯೆಲ್ಲ ನೀರುಪಾಲು.

ಈಗ ಮಾಡೋದು ಹೀಗೆ. ನಾಲ್ಕು ಜನಕ್ಕೆ 250 ಗ್ರಾಂ ಕಂದು ಮಸೂರ್ ಕಾಳು. ಈರುಳ್ಳಿ ಒಂದು, ಕ್ಯಾರೆಟ್ ಎರಡು, ಸೆಲರಿ ಗೆಡ್ಡೆ ಒಂದು ತುಂಡು, ಎಲ್ಲ ಸಣ್ಣಗೆ ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸಿ, ಕಾಳು, ಒಂದು ಲೀಟರ್ ನೀರು, ಎರಡು ಬೇ ಎಲೆ ಹಾಕಿ ಮುಚ್ಚಿಡುತ್ತೇನೆ. ನೆನೆಹಾಕೋ ರಗಳೆ ಇಲ್ಲ, ಮುಕ್ಕಾಲು ಗಂಟೆಯೊಳಗೆ ಬೇಯುತ್ತೆ. ಕುಕ್ಕರ್ ಬೇಡ, ಕಾಳು ಕರಗಿಹೋಗುತ್ತೆ. ಕಾಳು ಬೆಂದ ಮೇಲೆ ಉಪ್ಪು. ಒಂದು ಚಮಚ ಮೈದಾವನ್ನು ಬೆಣ್ಣೆಯಲ್ಲಿ ಕೆಂಪಗೆ ಹುರಿದು, ನೀರಲ್ಲಿ ಗಂಟಿಲ್ಲದ ಹಾಗೆ ಕದಡಿ ಸೇರಿಸಿದರೆ ಗಟ್ಟಿಯಾಗುತ್ತೆ. ಒಲೆ ಆರಿಸೋ ಮುಂಚೆ ಮೂರು ಚಮಚ ವಿನೆಗರ್, ಚಿಟಿಕೆ ಸಕ್ಕರೆ.

ಸಾಸೇಜಿಗೆ ಬೇರೆ ಪಾತ್ರೆ. ನೀರು ಕುದಿ ಬಂದ ಕೂಡಲೇ ಒಲೆ ಆರಿಸಿ, ಆಮೇಲೆ ಸಾಸೇಜ್ ಇಳಿಬಿಟ್ಟು, ಮುಚ್ಚಿ ಹತ್ತು ನಿಮಿಷ. ಮೊದಲೇ ಬೆಂದ ಸಾಸೇಜದು, ಬಿಸಿಯಾದರೆ ಸಾಕು. ಕಚ್ಚಿದಾಗ ಸಿಪ್ಪೆ ಟಪ್ ಅನ್ನಬೇಕು. ಇದು ಹಂದಿ ಮಾಂಸದ್ದು. ನಮ್ಮೆಜಮಾನರು ಅದನ್ನು ತಿನ್ನೋಲ್ಲ, ಅವರಿಗೆ ಟರ್ಕಿ ಕೋಳಿಯದು. ಕೋಳಿ ಅಂತ ದಪ್ಪಕ್ಷರದಲ್ಲಿ ಬರೆದದ್ದರೊಳಗೂ ಹಂದಿ ಕೊಬ್ಬು ಇರೋದುಂಟು, ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರ ಓದಿಯೇ ತರಬೇಕು.

ಶ್ಪೆಟ್ಸ್ಲೆ ಹಿಟ್ಟು ಕಲಸಿ ಉಜ್ಜಿ ಇಳಿಸೋದು ಭಾನುವಾರದ ಕೆಲಸ. ವಾರದ ದಿನ ಪ್ಯಾಕೆಟ್ಟಿನದೇ, ಇಲ್ಲ ಅನ್ನ. ಅನ್ನಕ್ಕೇ ಚೆನ್ನ ಅಂತ ನನ್ನ ವಾದ. ತಲೆಗೆರಡು ಸಾಸೇಜ್ ಇಟ್ಟರೂ ಎಲ್ಲರ ಊಟ ಎಂಟು ಯೂರೋ ದಾಟಿಲ್ಲ.

ಅಂಗಡಿಯಲ್ಲಿ ಆಲ್ಬ್-ಲೈಸಾ ಅಂತ ಪುಟ್ಟ ಕಾಳು ಸಿಗುತ್ತೆ, ಇಲ್ಲೇ ಆಲ್ಬ್ ಬೆಟ್ಟದ ಕಲ್ಲುನೆಲದ್ದು, ದುಬಾರಿ. ಅಲ್ಲಿ ಈ ಬೆಳೆ ನಿಂತೇ ಹೋಗಿತ್ತಂತೆ. 1985ರಲ್ಲಿ ಲೌಟರಾಖ್ ಊರಿನ ರೈತರೊಬ್ಬರು ಮತ್ತೆ ಹಾಕಿದರು. ಕಳೆದುಹೋಗಿದ್ದ ಹಳೇ ತಳಿಯ ಬೀಜ 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವಾವಿಲೋವ್ ಸಂಸ್ಥೆಯ ಬೀಜ ಸಂಗ್ರಹದಲ್ಲಿ ಸಿಕ್ಕಿತು. ಬಳ್ಳಿ ನೆಲಕ್ಕೆ ಬೀಳದಿರಲಿ ಅಂತ ಜೊತೆಗೆ ಬಾರ್ಲಿ, ಓಟ್ಸ್ ಬಿತ್ತುತ್ತಾರೆ. ರಾಗಿ ಹೊಲದ ಅಕ್ಕಡಿ ಸಾಲು ನೋಡಿ ಬೆಳೆದವಳಿಗೆ ಇದು ಹೊಸದೇ? ನೆಂಟರು ಬಂದರೆ ಆ ಕಾಳು, ಮಿಕ್ಕ ದಿನ ಸಾದಾ ಕಾಳು.

ನಮ್ಮ ಪಾಲಿಗೆ ಕೊನೆಯಲ್ಲಿ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ ಬಿದ್ದೇ ಬೀಳುತ್ತೆ. ಅಜ್ಜಿಯ ಡಬ್ಬಿ ಖಾಲಿ ವಾಪಸ್ ಕೊಡೋದು ಹೇಗೆ? ಮೊನ್ನೆ ಒಗ್ಗರಣೆ ಹಾಕಿದ್ದನ್ನೇ ತುಂಬಿಸಿ ಕೊಟ್ಟೆ. ಮೆಣಸಿನಕಾಯಿ ಪಕ್ಕಕ್ಕಿಟ್ಟು ಪೂರ್ತಿ ತಿಂದರಂತೆ. ವಿನೆಗರ್ ಇನ್ನೂ ಎರಡು ಚಮಚ ಬೇಕಿತ್ತು ಅಂದರು.