ಸೈನ್ (sin) ಫಂಕ್ಷನ್‌ನ ಒಂದು ಕರೆಗೆ ಸೊನ್ನೆ ನ್ಯಾನೋಸೆಕೆಂಡ್?

ವೇಗ ಅಳೆಯುವ ಬೆಂಚ್‌ಮಾರ್ಕ್ ಹೀಗೆ ತೋರಿಸಿದರೆ ಲೈಬ್ರರಿಯನ್ನು ಹೊಗಳಬೇಡಿ. ಉತ್ತರವನ್ನು ಎಲ್ಲೂ ಬಳಸದ ಕಾರಣ ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ಬದಲಿಸುವ ಪ್ರೋಗ್ರಾಂ) ಆ ಕರೆಗಳ ಲೂಪನ್ನೇ ಕಿತ್ತುಹಾಕಿರುತ್ತದೆ. 1024 ಡಬಲ್‌ಗಳ (ತಲಾ 8 ಬೈಟ್‌ನ ದಶಮಾಂಶ ಸಂಖ್ಯೆಗಳ) ಅರೇಯನ್ನು ಪ್ರೋಗ್ರಾಂ ಓಡುವಾಗಲೇ ರ‍್ಯಾಂಡಮ್ ಆಗಿ ತುಂಬಿಸಿ, ಉತ್ತರಗಳ ಮೊತ್ತವನ್ನು ವೊಲಟೈಲ್ ವೇರಿಯಬಲ್‌ಗೆ (ಇದಕ್ಕೆ ಬರೆಯುವುದನ್ನು ಕಂಪೈಲರ್ ಕೈಬಿಡುವಂತಿಲ್ಲ) ಬರೆದ ಮೇಲೆ ನಂಬುವಂಥ ಅಂಕಿ ಬಂತು. ಅರೇ ಬರೀ 8 ಕೆಬಿ, ಪ್ರೊಸೆಸರ್ ಒಳಗಿನ ಅತಿ ವೇಗದ ಎಲ್1 ಕ್ಯಾಶ್‌ನಲ್ಲೇ ಹಿಡಿಯುತ್ತದೆ.

ಆದರೆ ಅದು ಥ್ರೂಪುಟ್ (ನಿಗದಿತ ಸಮಯದಲ್ಲಿ ಮುಗಿಯುವ ಕರೆಗಳ ಸಂಖ್ಯೆ) ಅಷ್ಟೇ. ಲೇಟೆನ್ಸಿ, ಅಂದರೆ ಒಂದು ಕರೆಯ ಉತ್ತರ ಬರಲು ಹಿಡಿಯುವ ಸಮಯ, ಬೇಕಿದ್ದರೆ ಹಿಂದಿನ ಉತ್ತರವನ್ನು 0.0ರಿಂದ ಗುಣಿಸಿ ಮುಂದಿನ ಇನ್‌ಪುಟ್‌ಗೆ ಕೂಡಿಸಿ. ಆಗ ಪ್ರತಿ ಕರೆಯೂ ಹಿಂದಿನದಕ್ಕೆ ಕಾಯಲೇಬೇಕು. (ನಿಖರತೆಯ ನಿಯಮ ಸಡಿಲಿಸುವ ಕಂಪೈಲರ್ ಆಯ್ಕೆ ಫಾಸ್ಟ್-ಮ್ಯಾತ್ ಆನ್ ಇದ್ದರೆ ಈ ಗುಣಾಕಾರವೂ ಮಾಯ!)

ಇನ್‌ಪುಟ್ ವ್ಯಾಪ್ತಿಗಳನ್ನು ಬೆರೆಸಬೇಡಿ. ಪೈ/4ರ ಒಳಗಿನ ಕೋನಗಳಿಗೆ ರೇಂಜ್ ರಿಡಕ್ಷನ್ (ದೊಡ್ಡ ಕೋನವನ್ನು ಸಣ್ಣ ವ್ಯಾಪ್ತಿಗೆ ಇಳಿಸುವುದು) ಬೇಕಿಲ್ಲ. ತೀರಾ ದೊಡ್ಡ ಸಂಖ್ಯೆಗಳನ್ನು ಹಾಗೆ ಇಳಿಸಲು ಪೈನ ನೂರಾರು ಬಿಟ್‌ಗಳು ಬೇಕಾಗಿ ವೇಗ ಕುಸಿಯುತ್ತದೆ. ಪ್ರೋಗ್ರಾಮನ್ನು ಒಂದೇ ಕೋರ್‌ಗೆ ಕಟ್ಟಿ, ಪ್ರೊಸೆಸರ್ ವೇಗವನ್ನು ತಾನಾಗಿ ಏರಿಸುವ ಟರ್ಬೊ ಆಫ್ ಮಾಡಿ, ಸರಾಸರಿಯ ಬದಲು ಮೀಡಿಯನ್ (ಕ್ರಮದಲ್ಲಿ ನಡುವಿನ ಅಂಕಿ) ನೋಡಿ.